ಬಟ್ಟೆ ಒಗೆಯುವ ಹಲಗೆ ಕೊಟ್ಟ ಹೆಸರು

ಮಿಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ ಲುವೀನಿಯಾ ವಾರವೆಲ್ಲ ಬಿಳಿಯರ ಮನೆಯ ಬಟ್ಟೆ ಒಗೆಯುವಳು. ಶನಿವಾರ ಸಂಜೆ, ಬಟ್ಟೆ ಉಜ್ಜುವ ಅದೇ ಏಣುಏಣಾದ ತಗಡಿನ ಹಲಗೆಯನ್ನು ಎದೆಗಾನಿಸಿ, ಬೆರಳಿಗೆ ದರ್ಜಿಯ ಲೋಹದ ಟೋಪಿ ಅಂಗುಸ್ತಾನ ತೊಟ್ಟು ಕೆರೆದಳೆಂದರೆ ಬ್ಲೂಸ್ ಹಾಡುವ ಬ್ಯಾಂಡಿನ ತಾಳವೇ ಅವಳು.

ಬ್ಯಾಂಡಿಗೆ ಮಾತ್ರ ಹೆಸರಿರಲಿಲ್ಲ. ಗಿಟಾರು ನುಡಿಸುವ ಹೊಸಿಯಾನಿಗೆ ‘ಹೊಸಿಯಾ ಮಹಾರಾಜನ ಮೇಳ’ ಎಂದೇ ಆಗಬೇಕು.

“ಮಹಾರಾಜಂಗೆ ಮೊದ್ಲು ಒಂದು ಜೊತೆ ಬೂಟು ಕೊಡ್ಸಿ,” ಎಂದು ಹಾರ್ಮೋನಿಕಾ ಊದುವ ಕ್ಲಿಯೋಥಾ ಚುಚ್ಚಿದ.

ಆ ಶನಿವಾರ ಬಿಳಿಯರ ಮನೆಯೊಡತಿ ಚರ್ಚಿಗೆ ಉಡುವ ಬಟ್ಟೆ ಒಗೆದು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು. ಲುವೀನಿಯಾ ಹಲಗೆಯ ಸೋಪು ತೊಳೆಯದೆಯೇ ಬ್ಯಾಂಡು ನುಡಿಸುವ ಕುಣಿತದ ಗುಡಿಸಲಿಗೆ ಓಡಿದಳು. ಮೊದಲ ಹಾಡಿಗೆ ಕೆರೆದದ್ದೇ ತಡ, ಒದ್ದೆ ಹಲಗೆಯಿಂದ ನೊರೆ ಬುಸುಬುಸು ಎದ್ದು ಹೊಸಿಯಾನ ಮೀಸೆಗೆ ಮೆತ್ತಿಕೊಂಡಿತು. ಜನ ಬಿದ್ದು ಬಿದ್ದು ನಕ್ಕರು, ನಗುತ್ತಲೇ ನೆಲ ಅದುರುವಂತೆ ಕುಣಿದರು. ಅವಳ ಕೈ ನಿಲ್ಲಲೊಲ್ಲದು.

ಮುಂದಿನ ಶನಿವಾರ ಗುಡಿಸಲಿನ ಯಜಮಾನಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು: ‘ಇವತ್ತು ಸೋಪಿನ ನೊರೆ ಬ್ಯಾಂಡು’.

“ಯಾರನ್ನ ಕೇಳಿ ಬರ್ದೆ?” ಎಂದ ಹೊಸಿಯಾ.

“ಬಂದೋರೆಲ್ಲ ‘ಆ ನೊರೆಯೋರು ಬರ್ತಾರಾ’ ಅಂತಾನೇ ಕೇಳಿದ್ರಪ್ಪ. ನಿನ್ನ ಹೆಸ್ರು ಒಬ್ರೂ ಎತ್ಲಿಲ್ಲ,” ಎಂದಳು ಯಜಮಾನಿ ಮೀನು ಕರಿಯುತ್ತಲೇ.

ಹೊಸಿಯಾ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ. ಅವನು ವಾಪಸು ಬಂದಾಗ ಕೈಯಲ್ಲಿ ಸೋಪುನೀರಿನ ಬಕೆಟ್ಟಿತ್ತು. ಅದನ್ನು ಲುವೀನಿಯಾಳ ಕಾಲ ಬಳಿ ಕುಕ್ಕಿದ.

“ಹಲಗೆ ನೆನೆಸ್ಕೊ ತಾಯಿ,” ಎಂದ. “ನಮ್ಮ ಹೆಸ್ರು ಒಣಗಿಹೋದ್ರೆ ಕಷ್ಟ.”