ದ್ರಾಕ್ಷಿತೋಟದ ಕತ್ತರಿಗಳಿಗೆ ಸಾಣೆ

ನಾನು ಭಾಲ್ಕಿ ಕಡೆಯವಳು. ಬೀದರಿನ ಐಟಿಐಯಲ್ಲಿ ಗ್ರೈಂಡಿಂಗ್ ಕಲಿತು, ಮದುವೆಯಾದ ಮೇಲೆ ಗಂಡನ ಜೊತೆ ಸಂಭಾಜಿನಗರಕ್ಕೆ ಬಂದು, ಅಲ್ಲಿನ ಕೈಗಾರಿಕಾ ಪ್ರದೇಶವಾದ ವಾಳೂಜ್‌ನ ಒಂದು ಸಣ್ಣ ಕಾರ್ಖಾನೆಯ ಟೂಲ್ ರೂಮಿಗೆ ಸೇರಿಕೊಂಡೆ. ಕಬ್ಬಿಣ ಕೊರೆದು ಕೊರೆದು ಮೊಂಡಾದ ಡ್ರಿಲ್ಲುಗಳು, ಕಟರ್‌ಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಮತ್ತೆ ಹರಿತ ಮಾಡಿ ಕಳಿಸುವುದು ನನ್ನ ಕೆಲಸ. ಆ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಮೊದಮೊದಲು ಕಟರ್ ತಂದವರು ನನ್ನನ್ನು ದಾಟಿ ಪಕ್ಕದ ಮಷಿನ್ನಿನವನ ಕೈಗೆ ಕೊಡುತ್ತಿದ್ದರು. ಒಂದು ವರ್ಷದ ಹೊತ್ತಿಗೆ ಅವನನ್ನು ದಾಟಿ ನನ್ನ ಹತ್ತಿರ ಬರತೊಡಗಿದರು.

ಮನೆಯಲ್ಲಿ ನಾವು ನಾಲ್ವರು. ಗಂಡ ಪಿಕಪ್ ಗಾಡಿ ಓಡಿಸುತ್ತಿದ್ದರು. ವಾಳೂಜ್‌ನ ಮೋಟಾರು ಭಾಗಗಳನ್ನು ನಾಸಿಕ್‌ಗೆ ಒಯ್ಯುವುದು, ಅಲ್ಲಿಂದ ಬೇರೆ ಮಾಲು ತರುವುದು. ಅತ್ತೆ ಊರು ಬಿಟ್ಟು ನಮ್ಮ ಜೊತೆಗೇ ಇದ್ದರು. ಮಗಳು ಶಾಲೆಗೆ ಹೋಗುತ್ತಿದ್ದಳು; ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಕಾರ್ಖಾನೆಗೆ ಆರ್ಡರು ಕಡಿಮೆಯಾಗಿ ಓವರ್‌ಟೈಮ್ ನಿಂತಿತು. ಸಂಜೆಗಳು ಖಾಲಿಯಾದವು. ಕೆಲಸ ಬಿಡುವ ಯೋಚನೆ ನನಗೆ ಯಾವತ್ತೂ ಬಂದಿರಲಿಲ್ಲ, ಆ ಮಷಿನ್ ನನಗೆ ಇಷ್ಟ. ಆದರೆ ಅದು ಕಂಪನಿಯ ಮಷಿನ್. ನನ್ನದು ಅಂತ ಒಂದು ಸಣ್ಣ ಉದ್ಯೋಗ ಇರಬೇಕು, ಅದಕ್ಕೆ ನನ್ನ ಕೈಯೇ ಬಂಡವಾಳವಾಗಬೇಕು ಅನ್ನುವ ಹಟ ಮನಸ್ಸನ್ನು ಹೊಕ್ಕಿತು. ಏನು ಮಾಡಬೇಕೆಂದು ಹೊಳೆಯದೆ ಕೂತಿದ್ದಾಗ ಪಕ್ಕದ ಮನೆಯಾಕೆ ಕತ್ತರಿ ಹಿಡಿದುಕೊಂಡು ಬಂದಳು. ಅವಳು ನಮ್ಮ ಓಣಿಯವರಿಗೆಲ್ಲ ಬ್ಲೌಸ್ ಹೊಲಿಯುತ್ತಿದ್ದಳು, ಕಲಬುರಗಿ ಕಡೆಯವಳು.

"ವೈನಿ, ನೀವು ಕಂಪನ್ಯಾಗ ಕಬ್ಬಿಣಕ್ಕ ಸಾಣಿ ಹಿಡೀತೀರಂತಲ್ಲ. ನನ್ನ ಕತ್ರಿಗೂ ಒಂದೀಟು ಹಿಡದು ಕೊಡ್ರಿ. ಸೈಕಲ್ ಮ್ಯಾಲ ಬರಾಂವ ಹಿಡದು ಹೋದಾಗಿಂದ ಅದು ಅರಿಬಿ ಅಗೀಲತ್ತದ, ಕತ್ತರಸವಲ್ದು."

ಅಲಗನ್ನು ಬೆಳಕಿಗೆ ಹಿಡಿದು ನೋಡಿದೆ. ಸೈಕಲ್ಲಿನವನು ಅವಸರದಲ್ಲಿ ಚಕ್ರಕ್ಕೆ ಒತ್ತಿ ಅದರ ತುದಿ ಸುಟ್ಟಿದ್ದ, ಉಕ್ಕು ನೀಲಿಗಟ್ಟಿತ್ತು. ಅದನ್ನು ಕಂಪನಿಗೆ ಒಯ್ದು ಊಟದ ಬಿಡುವಿನಲ್ಲಿ ಮಾಡಿಬಿಡುವುದು ಸುಲಭವಿತ್ತು. ಒಯ್ಯಲಿಲ್ಲ. ಮೊದಲು ನಮ್ಮ ಸೂಪರ್‌ವೈಸರ್ ಹತ್ತಿರ ಹೋಗಿ, ಮನೆಯಲ್ಲಿ ಕತ್ತರಿ ಸಾಣೆ ಹಿಡಿಯುವ ಕೆಲಸ ಶುರು ಮಾಡಬೇಕೆಂದಿದ್ದೇನೆ, ನಿಮಗೆ ಗೊತ್ತಿರಲಿ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ಇಲ್ಲಿಯ ಚಕ್ರ ಮುಟ್ಟಬೇಡಿ, ಇಲ್ಲಿಯ ಹೊತ್ತು ಮುಟ್ಟಬೇಡಿ. ಉಳಿದದ್ದು ನಿಮ್ಮ ಮನೆಯ ವಿಷಯ."

ಆ ಭಾನುವಾರ ಹಳೆ ಸಾಮಾನಿನ ಬಜಾರಿಗೆ ಹೋಗಿ ಎರಡು ಸಾಣೆಕಲ್ಲು, ಸಾಮಾನನ್ನು ಕಚ್ಚಿ ಹಿಡಿಯುವ, ತುಕ್ಕು ಹಿಡಿದ ಒಂದು ವೈಸ್ ತಂದೆ. ಅಡುಗೆಮನೆಯ ಹಿಂದಿನ ಕಟ್ಟೆಗೆ ವೈಸ್ ಬಿಗಿದು, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು ಕೂತೆ. ಮಷಿನ್ ಇಲ್ಲದೆ ಕೈಯಲ್ಲಿ ಉಜ್ಜುವುದು ನಿಧಾನದ ಕೆಲಸ, ಆದರೆ ಉಕ್ಕು ಬಿಸಿಯಾಗುವುದಿಲ್ಲ. ಸುಟ್ಟ ತುದಿ ಪೂರ್ತಿ ಸವೆಯುವವರೆಗೆ ಉಜ್ಜಿದೆ. ಅಲಗು ಕನ್ನಡಿಯಂತೆ ಹೊಳೆಯಿತು. ಹೆಮ್ಮೆಯಿಂದ ಕೊಟ್ಟು ಬಂದೆ.

ಮರುದಿನ ಸಂಜೆ ಅವಳು ಮತ್ತೆ ಬಾಗಿಲಲ್ಲಿ ನಿಂತಿದ್ದಳು. "ಸಿಟ್ಟಾಗಬ್ಯಾಡ್ರಿ ವೈನಿ. ಕಾಟನ್ ಛಲೋ ಕತ್ತರಸ್ತದ. ಸ್ಯಾಟಿನ್ ಹಿಡದ್ರ ಅರಿಬಿ ಮುಂದ ಜಾರಿ ಹೋಗಲತ್ತದ."

ಡ್ರಿಲ್ಲಿಗೆ ಬೇಕಾದ ನುಣುಪು ಬಟ್ಟೆಯ ಕತ್ತರಿಗೆ ಬೇಡ. ಜಾರುವ ಬಟ್ಟೆಯನ್ನು ಹಿಡಿದುಕೊಳ್ಳಲು ಅಲಗಿನಲ್ಲಿ ಕಣ್ಣಿಗೆ ಕಾಣದಷ್ಟು ಒರಟು ಇರಬೇಕು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒರಟು ಕಲ್ಲಿನ ಮೇಲೆ ಹಗುರವಾಗಿ ಎಳೆಯುವುದು, ಅವಳು ಸ್ಯಾಟಿನ್ ಚೂರು ಕತ್ತರಿಸಿ ನೋಡುವುದು, ಮತ್ತೆ ಎಳೆಯುವುದು, ಹೀಗೆ ಕತ್ತಲಾಗುವವರೆಗೆ ಮಾಡಿದೆವು. ಕೊನೆಗೆ ಬಟ್ಟೆ ಸರ್ರನೆ ಸೀಳಿಕೊಂಡು ಹೋಯಿತು. ಅವಳೇ ಓಣಿಯ ಎಲ್ಲ ಹೊಲಿಗೆಯವರಿಗೆ ಹೇಳಿದಳು.

ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. ಸಾಣೆ ಹಿಡಿದ ಮೇಲೆ ನಾನು ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಆಡಿಸಿ ಸದ್ದು ಕೇಳುತ್ತಿದ್ದೆ. ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು.

"ಮನ್ಯಾಗ ಖಾಲಿ ಕತ್ರಿ ಕಚಕಚ ಅನಸಬ್ಯಾಡ. ಜಗಳ ಬರ್ತಾವ."

"ಹಾಂಗಾದ್ರ ಹ್ಯಾಂಗ ನೋಡ್ಲಿ ಅತ್ತಿ, ಹರಿತ ಆಗ್ಯದೋ ಇಲ್ಲೋ?"

"ಅರಿಬಿ ಕತ್ತರಸಿ ನೋಡು. ತಾ ಇಲ್ಲಿ, ನಾ ನೋಡ್ತೀನಿ."

ಹಳೆಯ ಸೀರೆಯೊಂದನ್ನು ಒದ್ದೆ ಮಾಡಿ ಮಡಿಲಲ್ಲಿ ಹಾಕಿಕೊಂಡು ಕೂತರು. ಒದ್ದೆ ಬಟ್ಟೆಯನ್ನು ತುದಿಯಿಂದ ಕತ್ತರಿಸಿ, ಎಲ್ಲಿಯಾದರೂ ದಾರ ಸಿಕ್ಕಿಕೊಂಡರೆ ಕತ್ತರಿಯನ್ನು ನನ್ನ ಕಡೆ ತಳ್ಳುತ್ತಿದ್ದರು. ನನ್ನ ಟೂಲ್ ರೂಮಿನಲ್ಲಿಯೂ ಅಷ್ಟು ಕಟ್ಟುನಿಟ್ಟಿನ ತಪಾಸಣೆ ಇರಲಿಲ್ಲ.

ಹೀಗೆ ನಡೆದಿದ್ದಾಗ ಕಂಪನಿಯವರು ವಾಳೂಜ್‌ನ ಶೆಡ್ ಮುಚ್ಚಿ ಎಲ್ಲ ಮಷಿನ್‌ಗಳನ್ನೂ ನಾಸಿಕ್‌ಗೆ ಸಾಗಿಸಲು ನಿರ್ಧರಿಸಿದರು. ಬರುವವರು ಬರಬಹುದು ಅಂದರು. ಗಂಡನ ಗಾಡಿಗೆ ಯಾವ ತುದಿಯಲ್ಲಿ ಮನೆಯಿದ್ದರೂ ಒಂದೇ. ಸೂಪರ್‌ವೈಸರ್ ಹೊರಟರು, ನಾವೂ ಹೊರಟೆವು. ನಾಸಿಕ್‌ನ ಅಂಬಡದಲ್ಲಿದ್ದ ಹೊಸ ಕಾರ್ಖಾನೆಗೆ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಆದರೆ ನನ್ನ ಗಿರಾಕಿಗಳೆಲ್ಲ ಸಂಭಾಜಿನಗರದಲ್ಲೇ ಉಳಿದರು. ಹೊಸ ಓಣಿಯಲ್ಲಿ ಟೇಲರ್ ಅಂಗಡಿಗಳಿಗೆ ಹೋಗಿ ಕೇಳಿದೆ. ನಮ್ಮ ಸಾಣೆಯವನೊಬ್ಬ ಬರುತ್ತಾನೆ ಅಂದರು ಎಲ್ಲರೂ. ಮನೆಗೆ ಬಂದು ವೈಸನ್ನು ಮಂಚದ ಕೆಳಗೆ ತಳ್ಳಿದೆ. ಒಂದು ವಾರ ಅದರ ಕಡೆ ನೋಡಲಿಲ್ಲ. ಆಮೇಲೆ, ಇಲ್ಲಿ ಸುಮ್ಮನಾದರೆ ಇನ್ನು ಯಾವತ್ತೂ ಶುರು ಮಾಡುವುದಿಲ್ಲ ಅನ್ನಿಸಿ ಅದನ್ನು ಹೊರಗೆಳೆದು ಬಾಲ್ಕನಿಯ ಕಟ್ಟೆಗೆ ಬಿಗಿದೆ. ಗಿರಾಕಿ ಯಾರೆಂದು ಗೊತ್ತಿರಲಿಲ್ಲ.

ಗಿರಾಕಿಗಳ ಸುದ್ದಿ ತಂದವರು ನನ್ನ ಗಂಡ. ನಾಸಿಕ್ ಹತ್ತಿರದ ದಿಂಡೋರಿ ಕಡೆ ಖಾಲಿ ಪೆಟ್ಟಿಗೆ ಇಳಿಸಲು ಹೋಗಿದ್ದವರು ರಸ್ತೆ ಬದಿ ಚಹಾ ಕುಡಿಯುವಾಗ ನೋಡಿದ್ದರು: ಮಳೆಗಾಲ ಮುಗಿಯುತ್ತ ಬಂದಿತ್ತು, ದ್ರಾಕ್ಷಿತೋಟಗಳಲ್ಲಿ ಛಾಟಣಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ, ಶುರುವಾಗಿತ್ತು. "ಒಂದೊಂದ ಟೋಳ್ಯಾಗ ಎಷ್ಟ ಮಂದಿ! ಎಲ್ಲಾರ ಕೈಯಾಗೂ ಸ್ಪ್ರಿಂಗಿನ ಕತ್ರಿ. ಒಬ್ಬಾಕಿ ಕಲ್ಲಿನ ಮ್ಯಾಲ ತಿಕ್ಕಲತ್ತಿದ್ಳು, ನೋಡಿ ನಿನ್ನ ನೆನಪಾತು."

ಮುಂದಿನ ಭಾನುವಾರ ಬಕೆಟ್, ಕಲ್ಲು, ಒಂದು ಶೀಸೆ ಸೀಮೆಎಣ್ಣೆ ತೆಗೆದುಕೊಂಡು ದಿಂಡೋರಿ ಬಸ್ಸು ಹತ್ತಿದೆ. ರಸ್ತೆಗೆ ಹತ್ತಿರದ ಒಂದು ತೋಟದಲ್ಲಿ ಕೆಲಸ ನಡೆದಿತ್ತು. ಟೋಳಿಯ ಮುಕಾದಮ, ಅಂದರೆ ಆಳುಗಳ ಗುಂಪಿನ ಮೇಲಿನವನು, ನನ್ನ ಮಾತು ಕೇಳಿ ಬಕೆಟ್ಟಿನೊಳಗೆ ಇಣುಕಿದ.

"ಮಶೀನ್ ಕುಠೆ ಆಹೆ?"

"ಮಷಿನ್ ಇಲ್ಲ. ಕೈಯಲ್ಲೇ ಮಾಡುತ್ತೇನೆ" ಅಂದೆ ನನ್ನ ಮರಾಠಿಯಲ್ಲಿ.

ಅವನು ನಕ್ಕು ಸಾಲಿನ ಕಡೆ ತಿರುಗಿ ಹೋದ. ಛಾಟಣಿಯವರಿಗೆ ಕೂಲಿ ಎಕರೆಯ ಲೆಕ್ಕ. ನಿಂತ ಹೊತ್ತೆಲ್ಲ ನಷ್ಟ. ಅವನದೂ ತಪ್ಪಲ್ಲ. ನಾನು ಹೋಗಲಿಲ್ಲ, ಬದುವಿನ ಮೇಲೆ ಕೂತೆ. ಊಟದ ಹೊತ್ತಿಗೆ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ರೊಟ್ಟಿ ಗಂಟಿನ ಜೊತೆ ತನ್ನ ಕತ್ತರಿಯನ್ನೂ ತಂದು ನನ್ನ ಮುಂದಿಟ್ಟಳು. ಅಲಗಿನ ಮೇಲೆ ಬಳ್ಳಿಯ ರಸ ಅಂಟಿ ಕರ್ರಗಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊರಮೈಯನ್ನಷ್ಟೇ ಕಲ್ಲಿಗೆ ಹಿಡಿದೆ. ಒಳಮೈ ಸವೆದರೆ ಎರಡು ಅಲಗಿನ ನಡುವೆ ಸಂದು ಬಿದ್ದು ಕಡ್ಡಿ ಜಜ್ಜಿಹೋಗುತ್ತದೆ. ಅವಳ ಊಟ ಮುಗಿಯುವುದರೊಳಗೆ ಕೊಟ್ಟೆ. ಒಂದು ಕಡ್ಡಿ ಕತ್ತರಿಸಿದಳು. ಇನ್ನೊಂದು, ದಪ್ಪದ್ದು, ಕತ್ತರಿಸಿದಳು. ಪಕ್ಕದವಳ ಸೊಂಟದಿಂದ ಅವಳ ಕತ್ತರಿ ಕಿತ್ತು ನನಗೆ ಕೊಟ್ಟಳು.

ಅವತ್ತು ಅಷ್ಟೇ. ನನ್ನ ಫೋನ್ ನಂಬರ್ ಅವಳಿಗೆ ಕೊಟ್ಟು ಬಂದೆ. ಮುಂದಿನ ಭಾನುವಾರ ಹೋದರೆ ತೋಟ ಖಾಲಿ, ಟೋಳಿ ಬೇರೆಲ್ಲಿಗೋ ಹೋಗಿತ್ತು. ಬಕೆಟ್ ಹಿಡಿದು ಬಿಸಿಲಲ್ಲಿ ತೋಟದಿಂದ ತೋಟಕ್ಕೆ ಅಲೆದೆ. ಒಂದು ಕಡೆ ನಾಯಿ ಬಿಟ್ಟರು. ಬರಿಗೈಯಲ್ಲಿ ಬಸ್ಸಿನಲ್ಲಿ ಬರುವಾಗ ಕಾಲುಗಳು ಉರಿಯುತ್ತಿದ್ದವು, ಆದರೂ ಬಿಡಬೇಕು ಅನ್ನಿಸಲಿಲ್ಲ. ಕೆಲಸ ಇಲ್ಲದೆ ಅಲ್ಲ, ನಾನು ಎಲ್ಲಿದ್ದೇನೆಂದು ಅವರಿಗೆ, ಅವರು ಎಲ್ಲಿದ್ದಾರೆಂದು ನನಗೆ ತಿಳಿಯದೆ ಹೀಗಾಯಿತು ಅಂದುಕೊಂಡೆ. ಮರುಭಾನುವಾರ ದಿಂಡೋರಿ ಬಸ್ ನಿಲ್ದಾಣದ ಎದುರಿನ ಗೊಬ್ಬರದಂಗಡಿಯವರನ್ನು ಕೇಳಿ, ಅವರ ಅಂಗಡಿ ಮುಂದೆ ಕೂರಲು ಜಾಗ ಮಾಡಿಕೊಂಡೆ. ತೋಟದವರೆಲ್ಲ ಒಂದಲ್ಲ ಒಂದು ಕಾರಣಕ್ಕೆ ಅಲ್ಲಿಗೆ ಬರುತ್ತಿದ್ದರು.

ಆ ವಾರವೇ ಮುಕಾದಮನ ಫೋನ್ ಬಂತು. "ವಹಿನಿ, ಛಾಟಣಿ ಜೋರಾಗಿದೆ. ಎಲ್ಲರೂ ತಮ್ಮ ಕತ್ತರಿಗೆ ಆ ಕಲ್ಲಿನ ಸಾಣೆಯೇ ಬೇಕು ಅಂತಾರೆ. ದಿನಾ ಬರ್ತೀರಾ?"

ದಿನಾ ಹೋಗುವುದು ಹೇಗೆ? ಒಂದು ವಾರ ಮೊದಲ ಶಿಫ್ಟ್, ಒಂದು ವಾರ ಎರಡನೆಯದು. ಮೊದಲ ಶಿಫ್ಟ್ ಮುಗಿಸಿದರೆ, ಟೋಳಿಗಳು ಕೆಲಸ ಬಿಡುವ ಹೊತ್ತಿಗೆ ದಿಂಡೋರಿ ಮುಟ್ಟಬಹುದಿತ್ತು. ಸೂಪರ್‌ವೈಸರ್ ಮುಂದೆ ನಿಂತು, ಛಾಟಣಿ ಮುಗಿಯುವವರೆಗೆ ನನಗೆ ಮೊದಲ ಶಿಫ್ಟೇ ಬೇಕು ಅಂದೆ.

"ಎರಡನೆಯದರಲ್ಲಿ ಕಟರ್ ಸೆಟ್ ಮಾಡುವವರು ಯಾರು?"

"ಆ ಶಿಫ್ಟಿನವನಿಗೆ ನಾನು ಕಲಿಸುತ್ತೇನೆ. ಅವನು ಕಲಿಯುವವರೆಗೆ ನನ್ನ ಶಿಫ್ಟ್ ಬದಲಿಸುವುದು ಬೇಡ."

ಅವರು "ಬೇಗ ಕಲಿಸಿ" ಅಂದರು. ಬೆಳಗಿನ ಶಿಫ್ಟಿನ ಜೊತೆ ಅವನ ಶಿಫ್ಟಿನಲ್ಲೂ ಅರ್ಧ ನಿಂತು ಕಲಿಸಿದೆ. ಅವನು ಚುರುಕಾಗಿದ್ದ. ಶಿಫ್ಟ್ ನನಗೆ ಸಿಕ್ಕಿತು.

ಆಮೇಲಿನ ದಿನಗಳು ಓಟವೇ. ಸಂಜೆ ಮೊಂಡು ಕತ್ತರಿಗಳ ಚೀಲ ಹೊತ್ತು ತರುವುದು, ಬಾಲ್ಕನಿಯಲ್ಲಿ ಕೂತು ಸಾಣೆ ಹಿಡಿಯುವುದು, ಮರುದಿನ ಕೊಡುವುದು. ಅಲ್ಲಿಯವರೆಗೆ ಅವರು ಹೆಚ್ಚುವರಿ ಕತ್ತರಿಗಳಲ್ಲಿ ಕೆಲಸ ನಡೆಸುತ್ತಿದ್ದರು. ಬೆರಳ ತುದಿಗಳು ಸವೆದು ಚಪಾತಿ ಹಿಟ್ಟು ನಾದುವಾಗ ಉರಿಯುತ್ತಿದ್ದವು. ಅತ್ತೆ ಒದ್ದೆ ಬಟ್ಟೆ ಬಿಟ್ಟು ಹಸಿ ಬೇವಿನ ಕಡ್ಡಿ ತರಿಸಿಕೊಂಡು ಪರೀಕ್ಷೆ ಮಾಡತೊಡಗಿದರು.

ಅಷ್ಟರಲ್ಲಿ ಒಂದು ಶನಿವಾರ ಕಾರ್ಖಾನೆಗೆ ತುರ್ತು ಆರ್ಡರು ಬಂತು; ಭಾನುವಾರವೂ ಎಲ್ಲರೂ ಬರಬೇಕು ಅಂದರು. ಭಾನುವಾರ ಬೆಳಿಗ್ಗೆ ಹೊಸ ತೋಟಕ್ಕೆ ಇಳಿಯುವ ಮುಕಾದಮನಿಗೆ ಇಡೀ ಟೋಳಿಯ ಎಲ್ಲ ಕತ್ತರಿಗಳನ್ನೂ ಕೊಡುವುದಾಗಿ ಮಾತು ಕೊಟ್ಟಿದ್ದೆ. ಶಿಫ್ಟ್ ಕೊಟ್ಟವರಿಗೆ ಇಲ್ಲ ಅನ್ನಲಾರೆ, ಟೋಳಿಯನ್ನು ಬರಿಗೈಯಲ್ಲಿ ನಿಲ್ಲಿಸಲಾರೆ. ಅತ್ತೆ ಕಡ್ಡಿ ಕತ್ತರಿಸುತ್ತಲೇ ಹೇಳಿದರು:

"ನೀ ಡ್ಯೂಟಿಗಿ ಹೋಗು. ಕತ್ರಿ ನಾ ಒಯ್ತೀನಿ. ಗಾಡಿ ಅಂವ ಹೊಡೀತಾನ."

"ಅತ್ತಿ, ಅಲ್ಲಿ ಎಲ್ಲಾರೂ ಮರಾಠಿ ಮಂದಿ."

"ಕತ್ರಿಗಿ ಯಾವ ಭಾಷಾ ಬೇಕು?"

ಅವತ್ತು ಮಷಿನ್ ಮುಂದೆ ನಿಂತರೂ ಮನಸ್ಸು ದಿಂಡೋರಿಯಲ್ಲಿತ್ತು. ಅಲ್ಲಿ ನಡೆದದ್ದನ್ನು ಸಂಜೆ ಗಂಡ ಹೇಳಿದರು. ಮುಕಾದಮ ಚೀಲದಿಂದ ಒಂದು ಕತ್ತರಿ ತೆಗೆದು ಗಾಳಿಯಲ್ಲಿ ಕಚಕಚ ಆಡಿಸಿದನಂತೆ. ಅತ್ತೆ ಅವನ ಮಣಿಕಟ್ಟು ಹಿಡಿದು, ಅರ್ಧ ಮರಾಠಿ ಅರ್ಧ ಬೀದರ್ ಕನ್ನಡದಲ್ಲಿ, "ಖಾಲಿ ಕತ್ರಿ ನಕೋ! ಕಡ್ಡಿ ಕತ್ತರಸಿ ಬಘಾ!" ಅಂದರಂತೆ. ಟೋಳಿಯವರು ನಗಲು ಶುರು ಮಾಡಿದ್ದಾರೆ. ಅತ್ತೆ ನಗಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದಲೂ ಒಂದು ಕಡ್ಡಿ ಕತ್ತರಿಸಿ ತೋರಿಸಿಕೊಂಡೇ ಕತ್ತರಿ ಬಿಟ್ಟುಕೊಟ್ಟರಂತೆ. ಸಡಿಲಾಗಿದ್ದ ಒಂದರ ನಟ್ಟನ್ನು ಗಾಡಿಯ ಪಾನಾ ಹಿಡಿದು ತಾವೇ ಬಿಗಿದರಂತೆ.

ಗಂಡ ಹೇಳುತ್ತಿರುವಾಗಲೇ ಅತ್ತೆ ಸೆರಗಿನಿಂದ ಒಂದು ಕತ್ತರಿ ತೆಗೆದು ನನ್ನ ಮುಂದಿಟ್ಟರು. "ಇದು ನೀ ಸರಿ ಹಿಡದಿಲ್ಲ. ಕಡ್ಡಿ ಸಿಗಿಯಲತ್ತದ. ಇದು ಯಾರದೋ ಆ ಹುಡುಗಿಗಿ ಇವತ್ತಿಗಿ ಬ್ಯಾರೆ ಕತ್ರಿ ಕೊಟ್ಟು ಬಂದೀನಿ. ನಾಳಿಗಿ ಮುಟ್ಟಬೇಕು."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಚಪ್ಪಲಿ ಕಳಚಿ ಕೈ ತೊಳೆದು ಕಲ್ಲಿನ ಮುಂದೆ ಕೂತೆ.

ಛಾಟಣಿ ಮುಗಿದ ಮೇಲೆ ಮುಕಾದಮ ಘೋಟಿ ಕಡೆಯ ತನ್ನ ಸಂಬಂಧಿಕರಿಗೆ ನನ್ನ ನಂಬರ್ ಕೊಟ್ಟ. ಭತ್ತ ಕೊಯ್ಯುವ ಕುಡುಗೋಲುಗಳು ಬಂದವು. ಬೇಸಿಗೆಯಲ್ಲಿ ದ್ರಾಕ್ಷಿಗೆ ಇನ್ನೊಂದು ಛಾಟಣಿ, ಅದಕ್ಕೂ ಹೋದೆ. ಈಗ ಗೊಬ್ಬರದಂಗಡಿಯ ಮುಂದೆ ನನ್ನದೊಂದು ಮರದ ಬೆಂಚಿದೆ. ಭಾನುವಾರ ನಾನು ಕಲ್ಲಿನ ಮುಂದೆ, ಅತ್ತೆ ಕಡ್ಡಿಯ ಕಟ್ಟಿನ ಮುಂದೆ. ನಾನೊಬ್ಬಳೇ ಹೋದರೆ "ಆಜಿ ಎಲ್ಲಿ?" ಎಂದು ಕೇಳಿ, ಅವರು ನೋಡದ ಕತ್ತರಿಯನ್ನು ಅನುಮಾನದಿಂದ ತಿರುಗಿಸಿ ನೋಡುವವರೂ ಇದ್ದಾರೆ.

ಕಳೆದ ವಾರ ಸೂಪರ್‌ವೈಸರ್ ಊಟದ ಹೊತ್ತಿನಲ್ಲಿ ನನ್ನ ಮಷಿನ್ ಹತ್ತಿರ ಬಂದು ನಿಂತರು. "ಅಲ್ಲಿ ನಿಮ್ಮದು ಚೆನ್ನಾಗಿ ನಡೆದಿದೆಯಂತೆ. ಕೆಲಸ ಯಾವಾಗ ಬಿಡುತ್ತೀರಿ? ಮೊದಲೇ ಹೇಳಿದರೆ ನನಗೆ ಬೇರೆಯವರನ್ನು ಹುಡುಕಲು ಅನುಕೂಲ."

"ಬಿಡುವುದಿಲ್ಲ ಸಾಹೇಬ್. ಎರಡೂ ಬೇಕು ನನಗೆ."

"ಎರಡೂ ಆಗುತ್ತದಾ?"

"ಇಷ್ಟು ದಿನ ಆಗಿದೆಯಲ್ಲ."

ಅವರು ನನ್ನ ಮುಂದಿದ್ದ ಕಟರ್ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟರು. "ಹಾಗಾದರೆ ನಾಳೆ ಸ್ವಲ್ಪ ಬೇಗ ಬನ್ನಿ, ಹೊಸ ಚಕ್ರ ಹಾಕಬೇಕು" ಅಂದರು. ಬರುತ್ತೇನೆ ಅಂದೆ. ಶಿಫ್ಟ್ ಮುಗಿದ ಗಂಟೆ ಬಾರಿಸಿದ ಕೂಡಲೇ ಮುಖ ತೊಳೆದು, ಗೇಟಿನ ಹೊರಗೆ ಬಂದು, ದಿಂಡೋರಿ ಬಸ್ಸಿಗೆ ಓಡಿದೆ.