ಎಡಪಾದದ ಅರಿಶಿನ

ಗೌರಿಹಬ್ಬದ ದಿನ ಬಾಗಿನಕ್ಕೆ ಬಂದ ಮುತ್ತೈದೆಯರ ಪಾದಕ್ಕೆ ಅರಿಶಿನ ಹಚ್ಚುವುದು ನಮ್ಮ ಮನೆಯಲ್ಲಿ ಮಗಳ ಕೆಲಸ. ನಮ್ಮದು ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯಲ್ಲಿರುವ, ರೇಷ್ಮೆ ಸಾಕುವ ಮನೆ. ಆ ಸಲ ಅವ್ವನನ್ನೂ ಸಾಲಿನಲ್ಲಿ ಕೂರಿಸಿದೆ. ಹಿಂದಿನ ಗೌರಿಹಬ್ಬಕ್ಕೆ ಅವಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಗರ್ಭಕಂಠದ ಕ್ಯಾನ್ಸರ್‌ಗಾಗಿ ಗರ್ಭಕೋಶವನ್ನೂ, ಅದರೊಂದಿಗೆ ಕಿಬ್ಬೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗಳನ್ನೂ ತೆಗೆದಿದ್ದರು. ಬದುಕಿ ಬಂದವಳ ಪಾದವನ್ನು ಕೈಯಲ್ಲಿ ಹಿಡಿಯುವುದೇ ನನಗೆ ಹಬ್ಬವಾಗಿತ್ತು.

ಬಲಪಾದ ನಾನು ಕಂಡಂತೆಯೇ ಇತ್ತು: ಬೆರಳುಗಳಿಂದ ಹೊರಟ ನರಗಳು, ಚೂಪು ಗಂಟಿನ ಹರಡು. ಎಡಪಾದ ನುಣ್ಣಗಿತ್ತು. ಹೆಬ್ಬೆರಳಿನಿಂದ ತೀಡಿದಾಗ ಒತ್ತಿದ ಜಾಗದಲ್ಲಿ ಪುಟ್ಟ ಗುಳಿ ಬಿತ್ತು. ಬೆರಳು ತೆಗೆದರೂ ಅದು ಮುಚ್ಚಲಿಲ್ಲ. ಕಲಸಿದ ಅರಿಶಿನ ಇಳಿದು ಅದರಲ್ಲಿ ನಿಂತುಬಿಟ್ಟಿತು. ಆಮೇಲೆ ಕಾಲುಂಗುರ ನೋಡಿದೆ. ಬಲಗಾಲಿನ ಉಂಗುರದ ತುದಿಗಳು ಒಂದಕ್ಕೊಂದು ತಾಗಿದ್ದವು. ಎಡಗಾಲಿನದನ್ನು ಯಾರೋ ಅಗಲಿಸಿದ್ದರು. ಆದರೂ ಬೆಳ್ಳಿ ಚರ್ಮದೊಳಕ್ಕೆ ಕಚ್ಚಿತ್ತು.

“ಇದ್ಯಾಕವ್ವ ಹಿಂಗಾಗೈತೆ?”

“ಹುಳ ನಾಕನೇ ಜ್ವರದಿಂದ ಎದ್ದವೆ. ನಿಂತೂ ನಿಂತೂ ಒಸಿ ಬಾವು ಬಂದೈತೆ. ನೀನು ಹಚ್ಚು.”

ರೇಷ್ಮೆಹುಳು ಪೊರೆ ಬಿಡುವ ಮೊದಲಿನ ನಿದ್ದೆಯನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವಿಗೆ ಸೊಪ್ಪು ಹಾಕುವವರು ಕೂರುವಂತಿಲ್ಲ ಎಂಬುದು ನಿಜ.

“ಎರಡು ಕಾಲಲ್ಲೂ ನಿಂತಿದ್ದೆ ತಾನೇ? ಒಂದೇ ಕಾಲು ಯಾಕೆ ಊದ್ತು?”

ಪಕ್ಕದಲ್ಲಿ ಕೂತಿದ್ದ ಸೋದರತ್ತೆ ನಕ್ಕಳು. “ಜಾಸ್ತಿ ಓದಿಸ್ಬ್ಯಾಡ ಅಂದಿದ್ದು ಇದಕ್ಕೇ ಕಣತ್ಗೆ. ಅರಿಶ್ನ ಹಚ್ಚೇ ಅಂದ್ರೆ ಪೊಲೀಸ್ನೋರಂಗೆ ಕೇಳ್ತಾಳೆ.”

ಎಲ್ಲರೂ ನಕ್ಕರು. ಅವ್ವನೂ ನಕ್ಕು, ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

ಸಂಜೆ ಹುಳುಮನೆಯಲ್ಲಿ ಅವಳನ್ನು ಹಿಡಿದೆ. ಹುಳಕ್ಕೆ ರೋಗ ತಗಲಬಾರದೆಂದು ನಮ್ಮ ಹುಳುಮನೆಗೆ ಚಪ್ಪಲಿ ತರುವಂತಿಲ್ಲ. ಸುಣ್ಣದ ಪುಡಿ ಎರಚಿದ ನೆಲದ ಮೇಲೆ ಬರಿಗಾಲಲ್ಲೇ ಓಡಾಟ. ಅವ್ವನ ಹಿಮ್ಮಡಿ ಸೀಳಿತ್ತು. ಸೀರೆ ಎತ್ತಿಸಿದರೆ ಮೊಣಕಾಲಿನ ಕೆಳಗೆ ಹಳೆಯ ಸೀರೆಯ ಅಂಚನ್ನು ಹರಿದು ಬಿಗಿಯಾಗಿ ಕಟ್ಟಿಕೊಂಡಿದ್ದಳು, ಬಾವು ಮೇಲಕ್ಕೆ ಹತ್ತದಿರಲೆಂದು. ನಾನು ಗಂಟು ಬಿಚ್ಚಿದೆ. ಕಟ್ಟಿದ್ದ ಜಾಗ ಕಾಲಿನ ಸುತ್ತ ಕಾಲುವೆಯಂತೆ ಉಳಿದಿತ್ತು.

“ಯಾವಾಗ್ನಿಂದ?”

“ಉಗಾದಿಯಿಂದ. ಹೊತ್ತು ಮುಳುಗೋ ಹೊತ್ಗೆ ಒದ್ದೆ ಗೋಣಿಚೀಲ ಕಟ್ದಂಗಾಯ್ತದೆ. ಬೆಳಿಗ್ಗೆ ಇಳ್ಕತದೆ. ಈಗೀಗ ಇಳೀತಿಲ್ಲ.”

“ಯಾಕೆ ಹೇಳ್ನಿಲ್ಲ?”

ಅವಳು ಸೊಪ್ಪು ಹರಡುತ್ತಲೇ ಇದ್ದಳು. “ಊರೋರು ಆನೆಕಾಲು ಅಂತಾರೆ, ಅನ್ನಲಿ. ಅದೇ ತಿರ್ಗಾ ಬಂದೈತೆ ಅಂತ ಡಾಕ್ಟ್ರು ಅಂದ್ಬುಟ್ರೆ ಏನ್ಮಾಡ್ಲಿ ಮಗ? ಈ ಬೆಳೆ ಗೂಡು ಕಟ್ಲಿ, ಆಮೇಲೆ ನೋಡವಾ ಅಂದ್ಕಂಡೆ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಸೊಪ್ಪಿನ ಕುಕ್ಕೆಯನ್ನು ಅವಳ ಕೈಯಿಂದ ತೆಗೆದುಕೊಂಡ. “ಹುಳ ನಾನು ನೋಡ್ಕತೀನಿ. ನಾಳೆ ಮೊದಲ್ನೇ ಬಸ್ಸಿಗೆ ಹೋಗ್ರಿ.”

ಬಸ್ಸಿನಲ್ಲಿ ಅವ್ವ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ನನಗೆ ಕೋಪ ಏರುತ್ತಿತ್ತು. ಒಂದು ತಪಾಸಣೆಯನ್ನೂ ನಾವು ತಪ್ಪಿಸಿರಲಿಲ್ಲ. ಪ್ರತಿ ಸಲವೂ ಒಳಗೆ ಪರೀಕ್ಷಿಸಿ, ಹೊಟ್ಟೆ ಒತ್ತಿ, ಎಲ್ಲ ಸರಿಯಿದೆ ಎಂದು ಕಳುಹಿಸಿದ್ದರು. ಅವಳ ಸೀರೆಯ ಅಂಚನ್ನು ಹರಡಿನಿಂದ ಮೇಲೆತ್ತಿ ಎರಡು ಕಾಲುಗಳನ್ನು ಜೊತೆಗಿಟ್ಟು ನೋಡಿದವರು ಯಾರೂ ಇಲ್ಲ. ಮನೆಗೆ ಕಳಿಸುವಾಗ ಹೊಲಿಗೆಯ ಬಗ್ಗೆ, ಭಾರ ಎತ್ತುವುದರ ಬಗ್ಗೆ ಹೇಳಿದ್ದರು. ಕಾಲಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಅದನ್ನು ನಾನು ಹಿಂದಿನ ರಾತ್ರಿ ಫೋನಿನಲ್ಲಿ ಹುಡುಕಿ ಓದಬೇಕಾಯಿತು. ಕಾಲಿನ ದ್ರವ ಹರಿದುಹೋಗುವ ದಾರಿಯಲ್ಲಿರುವ ಗ್ರಂಥಿಗಳನ್ನು ತೆಗೆದವರಿಗೆ, ಅದು ಮುಂದೆಂದಾದರೂ ಕಾಲಿನಲ್ಲೇ ತಂಗಬಹುದೆಂದು ತಿಳಿದಿತ್ತು. ಹೇಳುವ ಹೊಣೆ ಯಾರದಾಗಿತ್ತು? ಆಸ್ಪತ್ರೆಯ ಜನಸಂದಣಿಯನ್ನು ನಾನೂ ಕಂಡಿದ್ದೇನೆ. ಆದರೆ ಸಂದಣಿಯ ಬೆಲೆಯನ್ನು ಕಾಲಿನಲ್ಲಿ ತೆರಬೇಕಾದವಳು ನನ್ನ ಅವ್ವನೇ ಏಕೆ?

ಅಂದು ರಕ್ತ ಹೆಪ್ಪುಗಟ್ಟಿದೆಯೇ ಎಂದು ಕಾಲಿನ ಸ್ಕ್ಯಾನ್ ಮಾಡಿದರು, ರೋಗ ಮರಳಿದೆಯೇ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿದರು. ಫಲಿತಾಂಶ ಬರುವವರೆಗೂ ಅವ್ವ ನನ್ನ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

ಎರಡೂ ಇರಲಿಲ್ಲ. ಯುವ ವೈದ್ಯೆ ಅವ್ವನ ಕಾಲುಂಗುರಗಳನ್ನು ತೆಗೆಸಿ, ಉಂಗುರವಿದ್ದ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿದರು. ಬಲಗಾಲಿನಲ್ಲಿ ಮಡಿಕೆಯಾಗಿ ಮೇಲೆದ್ದಿತು, ಎಡಗಾಲಿನಲ್ಲಿ ಏಳಲಿಲ್ಲ. ಟೇಪು ಹಿಡಿದು ಎರಡು ಕಾಲುಗಳನ್ನೂ ಅಳೆದರು. ದುಗ್ಧರಸದ ಬಾವು ಎಂದರು. ಕಾಲಿಗೆ ಪಟ್ಟಿ ಸುತ್ತಬೇಕು, ಆಮೇಲೆ ಬಿಗಿ ಕಾಲುಚೀಲ, ಚರ್ಮ ಒಡೆಯಬಾರದು, ಕೆಂಪಾಗಿ ಜ್ವರ ಬಂದರೆ ಅದೇ ದಿನ ಬರಬೇಕು.

“ಪೂರ್ತಿ ವಾಸಿಯಾಯ್ತದಾ?” ಅವ್ವ ಕೇಳಿದಳು.

“ಪೂರ್ತಿ ಹೋಗುತ್ತೆ ಅಂತ ಹೇಳಲ್ಲಮ್ಮ. ಹತೋಟಿಯಲ್ಲಿ ಇಡಬಹುದು. ಬೇಗ ಬಂದಿದ್ದೀರಿ.”

“ನಾವು ಪ್ರತಿ ಸಲವೂ ಬಂದಿದ್ದೆವು, ಮೇಡಂ,” ಎಂದೆ. “ಉಗಾದಿಯ ನಂತರವೂ ಬಂದಿದ್ದೆವು. ಈ ಕಾಲನ್ನು ಇಲ್ಲಿ ಯಾರೂ ಏಕೆ ನೋಡಲಿಲ್ಲ?”

ಅವ್ವ ನನ್ನ ಮೊಣಕೈ ಹಿಡಿದಳು. “ಸುಮ್ಕಿರು ಮಗ.” ವೈದ್ಯೆ ಟೇಪನ್ನು ಸುತ್ತಿಟ್ಟು ಹೇಳಿದರು: “ನೋಡಬೇಕಿತ್ತು. ನೋಡಲಿಲ್ಲ.” ಅದರಿಂದ ನನ್ನ ಕೋಪ ತಣಿಯಲಿಲ್ಲ, ಆದರೆ ಆ ಕಟ್ಟಡದಲ್ಲಿ ಯಾರೋ ಒಬ್ಬರು ಹೊಣೆ ಹೊತ್ತದ್ದನ್ನು ಕೇಳಿದ್ದು ಅದೇ ಮೊದಲು.

ಊರಿಗೆ ಬಂದಾಗ ಹುಳುಮನೆಯ ಹೊಸ್ತಿಲ ಒಳಗೆ ಹೊಸ ರಬ್ಬರ್ ಚಪ್ಪಲಿ ಕಂಡಿತು. ಚರ್ಮ ಒಡೆಯಬಾರದೆಂಬುದನ್ನು ಫೋನಿನಲ್ಲಿ ಕೇಳಿ ತಿಳಿದು, ಅದನ್ನು ತಂದು ಬ್ಲೀಚಿಂಗ್ ನೀರಲ್ಲಿ ತೊಳೆದು ಇಟ್ಟಿದ್ದ ಅಪ್ಪ, “ಇದು ಒಳಗಡೀಕೇ. ಆಚೆಗೆ ಹಾಕ್ಕಂಡೋದ್ರೆ ಹುಳದ ಜೊತೆ ನಿನ್ನೂ ಆಚೆಗಾಕ್ತೀನಿ,” ಎಂದ. ಅವ್ವ ಹೊಸ ಸೊಸೆಯಂತೆ ಅಳುಕುತ್ತಾ ಅದರೊಳಗೆ ಕಾಲಿಟ್ಟಳು.

ಈಗ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋಗುವ ಮೊದಲು ಅವಳ ಪಾದ ನನ್ನ ಮಡಿಲಿಗೆ ಬರುತ್ತದೆ. ಬೆರಳ ಬುಡದಿಂದ ಪಟ್ಟಿ ಸುತ್ತುತ್ತೇನೆ. ಕೆಳಗೆ ಬಿಗಿ, ಮೇಲೆ ಸಡಿಲ. ಎಡಗಾಲಿನ ಉಂಗುರ ಇನ್ನೂ ಗೌರಿಯ ಅರಿಶಿನದ ಬಟ್ಟಲಲ್ಲಿದೆ.

ಮುಂದಿನ ತಪಾಸಣೆಗೆ ಹೋದಾಗ ಬೇರೆ ವೈದ್ಯರಿದ್ದರು. ಹೊಟ್ಟೆ ಒತ್ತಿ ನೋಡಿ, ಸರಿಯಿದೆ ಎಂದು ಮುಂದಿನವರನ್ನು ಕರೆಯಲು ಹೊರಟರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಎರಡೂ ಕಾಲು ಚಾಚಿದಳು. “ಇದೂ ಅದೇ ಆಪರೇಷನ್ದೇ ಸಾರ್. ನೋಡ್ಬುಟ್ಟು ಬರ್ಕಳಿ.”

ಅವರು ನೋಡಿದರು, ಬರೆದರು.

ಹೊರಗೆ ಬಂದರೆ ಬೆಂಚಿನ ಮೇಲೆ ಚನ್ನಪಟ್ಟಣದ ಕಡೆಯ ಹೆಂಗಸೊಬ್ಬಳು ಇನ್ನೂ ತನ್ನ ಸರದಿಗೆ ಕಾಯುತ್ತಿದ್ದಳು. ಅವಳಿಗೂ ಅದೇ ಶಸ್ತ್ರಚಿಕಿತ್ಸೆ ಆಗಿತ್ತೆಂದು ಬೆಳಿಗ್ಗೆ ಮಾತಿನಲ್ಲಿ ತಿಳಿದಿತ್ತು. ನಾನು ಬಸ್ಸಿಗೆ ಅವಸರಿಸಿದರೂ ಅವ್ವ ಅವಳ ಪಕ್ಕದಲ್ಲಿ ಮತ್ತೆ ಕೂತಳು.

“ಕಾಲುಂಗ್ರ ಎಂಗೈತಕ್ಕಾ? ಬಿಗಿಯಾಯ್ತದಾ?”

ಆ ಹೆಂಗಸು ಗಾಬರಿಯಿಂದ ಇವಳ ಮುಖ ನೋಡಿ, ಮೆಲ್ಲಗೆ ಚಪ್ಪಲಿಯಿಂದ ಪಾದ ಹೊರಗೆ ತೆಗೆದಳು.