ಬೀರುವಿನಲ್ಲಿದ್ದ ಚಪ್ಪಲಿ

ಕಾಲೇಜಿನ ಬೇಸಿಗೆ ರಜೆಯಲ್ಲಿ ನಾನು ಎಂಪಿಯೊಬ್ಬರ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡಿದಾಗ ಕೆಲಸ ಕಲಿಸಿದವರು ಅಲ್ಲಿನ ಪಿಎ. ಎಂಪಿ ಒಳಕೋಣೆ ಸೇರಿದೊಡನೆ, ಪೋಸ್ಟರುಗಳಲ್ಲಿ ಊರೆಲ್ಲ ನೋಡಿದ್ದ ಅವರ ಬಿಳಿ ಚಪ್ಪಲಿಯನ್ನು ಪಿಎ ಎರಡೇ ಬೆರಳಲ್ಲಿ ಎತ್ತಿ ಫೈಲಿನ ಬೀರುವಿನಲ್ಲಿಡುತ್ತಿದ್ದರು. ಆಮೇಲೆ ಬಂದವರಿಗೆಲ್ಲ ಒಂದೇ ಮಾತು: “ಅಯ್ಯಾ ಡೆಲ್ಲೀಲವ್ರೆ.”

ಒಂದು ದಿನ ದೂರದ ನಲ್ಲಂಪಳ್ಳಿಯಿಂದ ಅಜ್ಜಿಯೊಬ್ಬರು ಬಂದರು. ಮೊಮ್ಮಗಳ ಆಪರೇಷನ್ನಿಗೆ ಎಂಪಿಯ ಶಿಫಾರಸು ಪತ್ರ ಅಂದೇ ಬೇಕಿತ್ತು. ನಾನು ಟೈಪ್ ಮಾಡಿಕೊಟ್ಟೆ; ಸಹಿಯೊಂದೇ ಬಾಕಿ. ಪಿಎ ಅದೇ ಮಾತು ಹೇಳುತ್ತ ಯಾವುದೋ ಫೈಲಿಗೆಂದು ಬೀರು ತೆರೆದರು. ಚಪ್ಪಲಿ ಅಜ್ಜಿಯ ಕಾಲ ಬಳಿ ಬಿತ್ತು.

“ಏನ್ ಸಾಮಿ, ಅಯ್ಯಾ ಬರಿಗಾಲಲ್ಲೇ ಡೆಲ್ಲಿಗ್ ಓದ್ರಾ?”

ಪಿಎ ಮುಖ ಬದಲಿಸಲಿಲ್ಲ. ಚಪ್ಪಲಿ, ಪತ್ರ ಎರಡನ್ನೂ ಹಿಡಿದು ಒಳಹೋದರು. ಸಹಿಯ ಇಂಕು ಆರುವ ಮುನ್ನ ಹೊರಬಂದರು.

“ಅಯ್ಯಾ ಈಗ್ತಾನೆ ಬಂದ್ರು, ಪಾಟಿ,” ಎಂದು ಅಜ್ಜಿಯ ಕೈಗೆ ಪತ್ರ ಕೊಟ್ಟರು.

ಅಜ್ಜಿ ಸಹಿಯ ಮೇಲೆ ಊದುತ್ತ ನನ್ನತ್ತ ತಿರುಗಿದರು. “ಡೆಲ್ಲಿ ನಮ್ಮೂರ್ಗಿಂತ ಅತ್ರ ಐತೆ ಕಣಮ್ಮಾ!”